ಸ್ಫೆಕ್ಸ್ ಕಣಜದ ಅರ್ಧ ಕಥೆ

ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬದುಕುವ ಸ್ಫೆಕ್ಸ್ ಕಣಜಕ್ಕೆ 'ಬುದ್ಧಿಯಿಲ್ಲದ ಯಂತ್ರ' ಎಂಬ ಹೆಸರು ಅಂಟಿಕೊಂಡಿದೆ. ಈ ಕುಲದ ಕಣಜಗಳು ನಮ್ಮ ಕರ್ನಾಟಕದಲ್ಲೂ ಇವೆ. ಆದರೆ ಆ ಹೆಸರು ಹುಟ್ಟಿದ್ದು 19ನೇ ಶತಮಾನದ ದಕ್ಷಿಣ ಫ್ರಾನ್ಸಿನಲ್ಲಿ.

ಅಲ್ಲಿ ಜಾನ್ ಆನ್ರಿ ಫಾಬ್ರ್ ಎಂಬ ಮೇಷ್ಟ್ರು ಹಳದಿ ರೆಕ್ಕೆಯ ಸ್ಫೆಕ್ಸನ್ನು ಗಮನಿಸುತ್ತಿದ್ದರು. ಬೆಳೆದ ಕಣಜ ಕುಡಿಯುವುದು ಹೂವಿನ ಮಕರಂದ. ಬೇಟೆ ಏನಿದ್ದರೂ ಮರಿಗಾಗಿ, ಅದೂ ಹೆಣ್ಣಿನ ಕೆಲಸ. ಅದು ಚಿಮ್ಮಂಡೆಯನ್ನು ಕೆಡವಿ ಕುಟುಕುತ್ತದೆ. ಚಿಮ್ಮಂಡೆ ಸಾಯುವುದಿಲ್ಲ, ಆದರೆ ಕೈಕಾಲು ಆಡುವುದಿಲ್ಲ. ಸತ್ತರೆ ಕೊಳೆಯುತ್ತದೆ ಅಲ್ವಾ? ಒಂದು ಕೋಣೆಗೆ ಮೂರೋ ನಾಲ್ಕೋ ಚಿಮ್ಮಂಡೆ. ಒಂದರ ಎದೆಯ ಮೇಲೆ ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತದೆ.

ಆದರೆ ಬೇಟೆಯನ್ನು ಅದು ನೇರವಾಗಿ ಒಳಗೆ ಎಳೆಯುವುದಿಲ್ಲ. ಚಿಮ್ಮಂಡೆಯ ಮೀಸೆ ಬಿಲದ ಬಾಯಿಗೆ ತಾಗುವಂತೆ ಇಟ್ಟು, ತಾನೊಬ್ಬಳೇ ಒಳಗೆ ಹೋಗಿ ನೋಡಿಕೊಂಡು ಬರುತ್ತದೆ. ತಾನಿಲ್ಲದಿರುವಾಗ ಬಿಲಕ್ಕೆ ಬೇರೆ ಹುಳ ಹೊಕ್ಕಿರಬಹುದು, ಪರೀಕ್ಷಿಸುವುದರಲ್ಲಿ ಅರ್ಥವಿದೆ. ಫಾಬ್ರ್ ಆ ಹೊತ್ತಿನಲ್ಲಿ ಚಿಮ್ಮಂಡೆಯನ್ನು ಸ್ವಲ್ಪ ದೂರ ಸರಿಸಿದರು. ಹೊರಬಂದ ಕಣಜ ಅದನ್ನು ಮತ್ತೆ ಬಾಗಿಲಿಗೆ ತಂದಿತು, ಮತ್ತೆ ಒಳಗೆ ಹೋಗಿ ನೋಡಿತು. ಮತ್ತೆ ಸರಿಸಿದರು. ಹೀಗೇ 40 ಸಲ. ಒಮ್ಮೆಯೂ ಅದು ಪರೀಕ್ಷೆ ಬಿಡಲಿಲ್ಲ.

1963ರಲ್ಲಿ ಅಮೆರಿಕದ ಎಂಜಿನಿಯರ್ ಡೀನ್ ವುಲ್ಡ್ರಿಜ್ ಮಿದುಳಿನ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಹೇಳಿದರು. 1980ರ ದಶಕದಲ್ಲಿ ಅರಿವಿನ ವಿಜ್ಞಾನಿ ಡಗ್ಲಸ್ ಹಾಫ್‌ಸ್ಟಾಡ್ಟರ್, ತತ್ವಶಾಸ್ತ್ರಜ್ಞ ಡೇನಿಯಲ್ ಡೆನೆಟ್ ಇದನ್ನು ಇನ್ನಷ್ಟು ಹಬ್ಬಿಸಿದರು. ಯೋಚಿಸದೆ ಒಂದೇ ಕೆಲಸ ಮಾಡುವ ಜೀವಿಗೆ ಸ್ಫೆಕ್ಸ್ ಮಾದರಿಯಾಗಿಬಿಟ್ಟಿತು.

ನನಗೆ ಬೇಸರವಾಗುವುದು ಇಲ್ಲೇ. ಉಳಿದರ್ಧವನ್ನು ಫಾಬ್ರ್ ಬಚ್ಚಿಟ್ಟಿರಲಿಲ್ಲ. 1879ರ ತಮ್ಮ ಪುಸ್ತಕದಲ್ಲಿ, ಈ 40 ಸಲದ ಪ್ರಯೋಗದ ಜೊತೆಗೇ ಬರೆದಿದ್ದರು. ಸ್ವಲ್ಪ ದೂರದ ಇನ್ನೊಂದು ನೆಲೆಯ ಕಣಜಗಳ ಮೇಲೆ ಅವರು ಇದನ್ನೇ ಮಾಡಿ ನೋಡಿದ್ದರು. ಎರಡು ಮೂರು ಸಲ ಸರಿಸಿದ ಮೇಲೆ ಅಲ್ಲಿನ ಕಣಜ ಚಿಮ್ಮಂಡೆಯ ಬೆನ್ನೇರಿ, ಮೀಸೆ ಕಚ್ಚಿ ಹಿಡಿದು, ನೋಡಲು ಹೋಗದೆ ನೇರವಾಗಿ ಬಿಲದೊಳಗೆ ಎಳೆದುಕೊಂಡು ಹೋಯಿತು. ಒಂದೇ ಜಾತಿ, ಆದರೆ ನಡತೆ ಬೇರೆ.

ಡಚ್ ತತ್ವಶಾಸ್ತ್ರಜ್ಞ ಫ್ರೆಡ್ ಕೈಜರ್ 2013ರಲ್ಲಿ ಈ ಕಥೆಯ ಜಾಡು ಹಿಡಿದು ಮೂಲಕ್ಕೆ ಹೋದರು. ಒಬ್ಬರಿಂದೊಬ್ಬರು ಎತ್ತಿಕೊಂಡು ಹೇಳುತ್ತಾ ಹೋದ ಕಥೆಯಲ್ಲಿ ಆ ಎರಡನೇ ನೆಲೆಯ ಕಣಜಗಳು ಬಿಟ್ಟೇಹೋಗಿದ್ದವು ಎಂದು ತೋರಿಸಿದರು.