ಬಜ್ಪೆಗೆ ದೊಡ್ಡ ವಿಮಾನ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾವು ಬ್ರಹ್ಮಾವರದವರು. ಮಗ ದುಬೈಯಲ್ಲಿದ್ದಾನೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಅಲ್ಲಿಗೆ ಹೋಗುವಾಗ ಸಾಲಿಗೆ ಆರು ಸೀಟಿನ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ ಮೊಣಕಾಲು ಮಡಚಿ ಕೂರಬೇಕು. ಬೆಂಗಳೂರಿನಿಂದ ಹೋಗುವವರಿಗೆ ಅದೇ ದುಬೈಗೆ ಎರಡು ಅಂತಸ್ತಿನ ವಿಮಾನವೇ ಇದೆ. ಇನ್ನು ಇಲ್ಲಿಂದ ಬೆಂಗಳೂರಿಗೆ ಹೋಗುವುದಾದರೆ ಒಮ್ಮೆ ಪಂಕದ ಪುಟ್ಟ ವಿಮಾನ, ಇನ್ನೊಮ್ಮೆ ದುಬೈಗೆ ಹಾರುವಂಥದೇ ಜೆಟ್. ಯಾವ ಊರಿಗೆ ಯಾವ ವಿಮಾನ, ಅದರಲ್ಲಿ ಎಷ್ಟು ಸೀಟು ಎಂದು ಹೇಗೆ ತೀರ್ಮಾನಿಸುತ್ತಾರೆ? ನಮ್ಮ ಊರನ್ನು ಕಡೆಗಣಿಸಿದ್ದಾರೆಯೇ?

ಉತ್ತರ: ಕಡೆಗಣಿಸಿದ್ದಾರೆ ಎಂಬ ನೋವು ನನಗೆ ಅರ್ಥವಾಗುತ್ತದೆ. ಕರಾವಳಿಯಲ್ಲಿ ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಮನೆ ಹುಡುಕಿದರೆ ಸಿಗುವುದು ಕಷ್ಟ, ಹಾಗಾಗಿ ಈ ಪ್ರಶ್ನೆಯೂ ಮನೆಮನೆಯದು. ಆದರೆ ವಿಮಾನದ ಗಾತ್ರ ಊರಿನ ಘನತೆಯ ಅಳತೆಯಲ್ಲ. ಅದರ ಹಿಂದಿನ ಲೆಕ್ಕ ತಿಳಿಯಲು ವಿಮಾನ ನಿಲ್ದಾಣಕ್ಕಿಂತ ಮೊದಲು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲುವುದು ಒಳ್ಳೆಯದು.

ಅಲ್ಲಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಬೆನ್ನಿಗೆ ಒಂದು ಹೊರಡುತ್ತವೆ. ಒಳಗಿನ ಹಳ್ಳಿಗೆ ಹೋಗುವ ಸಣ್ಣ ಬಸ್ಸಿಗೆ ದಿನಕ್ಕೆ ಕೆಲವೇ ಟ್ರಿಪ್. ರಾತ್ರಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಸೀಟುಗಳನ್ನು ಕಿತ್ತು ಮಲಗುವ ಬರ್ತ್ ಹಾಕಿರುತ್ತಾರೆ. ಬಸ್ಸಿನ ಧಣಿಗಳು ಎರಡು ಲೆಕ್ಕ ನೋಡುತ್ತಾರೆ: ಒಂದು ಟ್ರಿಪ್ಪಿಗೆ ಒಟ್ಟು ಖರ್ಚೆಷ್ಟು, ತಲೆಗೆ ಹಂಚಿದರೆ ಎಷ್ಟು. ದೊಡ್ಡ ಬಸ್ಸು ತುಂಬಿದರೆ ತಲೆಗೆ ಬೀಳುವ ಖರ್ಚು ಕಡಿಮೆ. ತುಂಬದಿದ್ದರೆ ಅದೇ ಬಸ್ಸು ಧಣಿಯನ್ನು ಮುಳುಗಿಸುತ್ತದೆ. ವಿಮಾನದ ಲೆಕ್ಕವೂ ಮೂಲದಲ್ಲಿ ಇಷ್ಟೇ.

ಬೆಂಗಳೂರಿನ ದಾರಿಯನ್ನೇ ನೋಡೋಣ. ಆಕಾಶದಲ್ಲಿ ಅದು ಸುಮಾರು 300 ಕಿ.ಮೀ. ನೀವು ಕಂಡ ಪಂಕದ ವಿಮಾನ ಎಟಿಆರ್ 72. ಇಂಡಿಗೋ ಅದರಲ್ಲಿ 78 ಸೀಟು ಇಟ್ಟಿದೆ, ನಡುದಾರಿಯ ಆಚೆ ಎರಡು, ಈಚೆ ಎರಡು. ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. ಜೆಟ್ 800 ದಾಟುತ್ತದೆ. ಆದರೆ ಇಷ್ಟು ಹತ್ತಿರದ ಊರಿಗೆ ಜೆಟ್‌ನಿಂದ ಉಳಿಯುವುದು ಕಾಲು ಗಂಟೆ ಮಾತ್ರ, ಏಕೆಂದರೆ ಮೇಲೇರಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಆ ಕಾಲು ಗಂಟೆಗಾಗಿ ಸುಡುವ ಇಂಧನ ಮಾತ್ರ ಬಹಳ: ಜೆಟ್ ಗಂಟೆಗೆ ಎರಡು ಟನ್ನಿಗೂ ಹೆಚ್ಚು ಕುಡಿದರೆ ಎಟಿಆರ್‌ಗೆ ಮುಕ್ಕಾಲು ಟನ್ನಿನ ಆಸುಪಾಸು ಸಾಕು.

ಇದಕ್ಕಿಂತ ದೊಡ್ಡ ಕಾರಣ ಪ್ರಯಾಣಿಕರ ಸ್ವಭಾವದಲ್ಲಿದೆ. ಬೆಂಗಳೂರಿಗೆ ವಿಮಾನದಲ್ಲಿ ಹೋಗುವವರಲ್ಲಿ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರಬೇಕೆನ್ನುವವರು ಬಹಳ. ಅವರಿಗೆ ವಿಮಾನದ ಗಾತ್ರ ಮುಖ್ಯವಲ್ಲ, ಹೊತ್ತು ಮುಖ್ಯ. 180 ಸೀಟಿನ ಒಂದು ವಿಮಾನ ಮಧ್ಯಾಹ್ನ ಹೋಗುವುದಕ್ಕಿಂತ 78 ಸೀಟಿನದು ಬೆಳಿಗ್ಗೆ ಒಂದು, ಸಂಜೆ ಒಂದು ಹೋಗುವುದು ಅವರಿಗೆ ಬೇಕು. ಹೊತ್ತು ಹೊಂದದಿದ್ದರೆ ರಾತ್ರಿ ಬಸ್ಸು ಇದ್ದೇ ಇದೆ, ಮಲಗಿ ಎದ್ದರೆ ಮೆಜೆಸ್ಟಿಕ್.

78 ಎಂಬ ಸಂಖ್ಯೆಗೂ ಒಂದು ಅರ್ಥವಿದೆ. ನಮ್ಮ ದೇಶದೊಳಗೆ ಹಾರುವ, 80ಕ್ಕಿಂತ ಕಡಿಮೆ ಸೀಟಿನ ವಿಮಾನಗಳಿಗೆ ಇಳಿಯುವ ಶುಲ್ಕದಲ್ಲಿ ಬಹಳ ಕಾಲದಿಂದ ವಿನಾಯಿತಿ ಇದೆ. ಅಂಥ ಹಗುರ ವಿಮಾನಗಳ ಇಂಧನಕ್ಕೆ ತೆರಿಗೆಯೂ ಕಡಿಮೆ. ಗಗನಸಖಿಯರ ಸಂಖ್ಯೆಯೂ ಸೀಟಿನ ಮೇಲೆ ನಿಂತಿದೆ: ಪ್ರತಿ 50 ಸೀಟಿಗೆ ಒಬ್ಬರು ಇರಲೇಬೇಕೆಂಬುದು ನಿಯಮ. 78ಕ್ಕೆ ಇಬ್ಬರು, 186ಕ್ಕೆ ನಾಲ್ವರು. ಒಂದು ಸಾಲು ಸೀಟು ಹೆಚ್ಚಿಸಲೇ, ತೆಗೆಯಲೇ ಎಂದು ಯೋಚಿಸುವವರ ಮುಂದೆ ಇಂಥ ಗೆರೆಗಳು ಹತ್ತಾರು ಇರುತ್ತವೆ.

ಹಾಗಿದ್ದರೂ ಕೆಲವು ದಿನ ಬೆಂಗಳೂರಿಗೆ ಜೆಟ್ ಬರುತ್ತದಲ್ಲ? ಆ ವಿಮಾನ ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ವಿಮಾನ ನೆಲದ ಮೇಲೆ ನಿಂತಷ್ಟು ಹೊತ್ತೂ ಅದರ ಬಾಡಿಗೆ ಓಡುತ್ತಲೇ ಇರುತ್ತದೆ. ಕೊಲ್ಲಿಯಿಂದ ಬೆಳಿಗ್ಗೆ ಬಂದಿಳಿದ ಜೆಟ್‌ಗೆ ಮುಂದಿನ ದೂರದ ಹಾರಾಟ ಸಂಜೆಗಿದ್ದರೆ, ನಡುವೆ ಅದು ಬೆಂಗಳೂರಿಗೋ ಮುಂಬೈಗೋ ಹೋಗಿ ಬರುವುದು ಸಂಸ್ಥೆಗೆ ಲಾಭ. ಆ ಟ್ರಿಪ್ಪಿನಲ್ಲಿ ಸೀಟು ಅರ್ಧವೇ ತುಂಬಿದರೂ ಸುಮ್ಮನೆ ನಿಲ್ಲಿಸುವುದಕ್ಕಿಂತ ಮೇಲು. ನಿಮಗೆ ಸಿಗುವ ವಿಮಾನ ಅನೇಕ ಬಾರಿ ನಿಮ್ಮ ದಾರಿಗೆಂದೇ ಆರಿಸಿದ್ದಲ್ಲ, ದಿನವಿಡೀ ಸುತ್ತುವ ಸರಪಳಿಯ ಒಂದು ಕೊಂಡಿ. ಬೆಳಿಗ್ಗೆ ಬೇರೆ ಯಾವುದೋ ಊರಿನಲ್ಲಿ ಮಂಜು ಬಿದ್ದರೆ ಸಂಜೆ ಬಜ್ಪೆಯಲ್ಲಿ ನಾವು ಕಾಯುವುದೂ ಇದೇ ಸರಪಳಿಯಿಂದ.

ಈಗ ದುಬೈ. ಇಲ್ಲಿಂದ ಸುಮಾರು 2,400 ಕಿ.ಮೀ. ಎಟಿಆರ್ ಒಂದೇ ಉಸಿರಿಗೆ ಹೋಗಬಲ್ಲದ್ದು ಸುಮಾರು 1,500 ಕಿ.ಮೀ., ಹಾಗಾಗಿ ಅದರ ಮಾತೇ ಇಲ್ಲ. ಉಳಿಯುವುದು ಬೋಯಿಂಗ್ 737 ಅಥವಾ ಏರ್‌ಬಸ್ ಎ320 ಬಗೆಯ, ಒಂದೇ ನಡುದಾರಿಯ, ಮೂರು–ಮೂರು ಸೀಟಿನ ಜೆಟ್. ನಾಲ್ಕು ಗಂಟೆಯ ಹಾರಾಟಕ್ಕೆ ಜಗತ್ತಿನಾದ್ಯಂತ ಬಳಸುವುದು ಹೆಚ್ಚಾಗಿ ಇವನ್ನೇ. ಎರಡು ನಡುದಾರಿಯ ದೊಡ್ಡ ವಿಮಾನ ಇಲ್ಲಿಗೆ ಬರಬೇಕಾದರೆ ಮೂರು ಬಾಗಿಲು ದಾಟಬೇಕು.

ಮೊದಲನೆಯದು ನೆಲ. 2006ರವರೆಗೆ ಬಜ್ಪೆಯಲ್ಲಿದ್ದ ರನ್‌ವೇ ಉದ್ದ 1,615 ಮೀಟರ್ ಮಾತ್ರ. ಆ ವರ್ಷ 2,450 ಮೀಟರಿನ ಹೊಸ ರನ್‌ವೇ ಬಂದ ಮೇಲೆಯೇ ಇಲ್ಲಿಂದ ನೇರವಾಗಿ ದುಬೈಗೆ ಹಾರಾಟ ಶುರುವಾದದ್ದು. 737ಕ್ಕೆ ಇಷ್ಟು ಸಾಕು. ಆದರೆ ಬೋಯಿಂಗ್ 777ರಂಥ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 65 ಮೀಟರ್, ತುಂಬಿದಾಗ 350 ಟನ್. ಅದು ನಿಶ್ಚಿಂತೆಯಿಂದ ಮೇಲೇರಲು ಸುಮಾರು 3,000 ಮೀಟರ್ ಬೇಕೆನ್ನುತ್ತದೆ. ನಮ್ಮ ಬಿಸಿಲಿಗೆ ಗಾಳಿ ತೆಳುವಾಗಿ ಓಡುವ ದೂರ ಇನ್ನೂ ಹೆಚ್ಚುತ್ತದೆ, ಆಷಾಢದ ಮಳೆಗೆ ನೆನೆದ ನೆಲದಲ್ಲಿ ನಿಲ್ಲುವ ದೂರವೂ ಹೆಚ್ಚುತ್ತದೆ. ಬಜ್ಪೆಯ ರನ್‌ವೇ ಇರುವುದು ಗುಡ್ಡದ ನೆತ್ತಿಯಲ್ಲಿ, ತುದಿಯಾಚೆ ಕಣಿವೆ. 2010ರ ಮೇ 22ರ ಬೆಳಿಗ್ಗೆ ವಿಮಾನವೊಂದು ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನರನ್ನು ಕಳೆದುಕೊಂಡ ಈ ಜಿಲ್ಲೆಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಂದು ಬಂದದ್ದು 737, ಈ ರನ್‌ವೇಗೆ ಒಗ್ಗುವ ವಿಮಾನವೇ. ಸ್ಥಿರವಲ್ಲದ ಇಳಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರದೆ, ರನ್‌ವೇ ಅರ್ಧಕ್ಕೂ ಹೆಚ್ಚು ಕಳೆದ ಮೇಲೆ ನೆಲ ಮುಟ್ಟಿದ್ದು ದುರಂತಕ್ಕೆ ಕಾರಣ ಎಂದು ತನಿಖೆ ಹೇಳಿತು. ಹಾಗಿದ್ದರೂ ಉಳಿದಿರುವ ಮೀಟರುಗಳ ಬೆಲೆ ಎಷ್ಟು ಎಂಬುದನ್ನು ಆ ದಿನ ನಮಗೆ ತೋರಿಸಿತು. ದೊಡ್ಡ ವಿಮಾನ ಬೇಕೆನ್ನುವಾಗ ನಾವು ಇದನ್ನು ಮರೆಯಬಾರದು.

ಎರಡನೆಯದು ಪರವಾನಗಿ. ನೀವು ಹೇಳಿದ ಎರಡು ಅಂತಸ್ತಿನ ವಿಮಾನ ಏರ್‌ಬಸ್ ಎ380. 2022ರ ಅಕ್ಟೋಬರ್ ಕೊನೆಯಿಂದ ದುಬೈಯ ಎಮಿರೇಟ್ಸ್ ಸಂಸ್ಥೆ ಅದನ್ನು ಬೆಂಗಳೂರಿಗೆ ತರುತ್ತಿದೆ. ವಿದೇಶಿ ಸಂಸ್ಥೆಯೊಂದು ಭಾರತದ ಯಾವ ಊರಿಗೆ ಹಾರಬಹುದು, ವಾರಕ್ಕೆ ಎಷ್ಟು ಸೀಟು ತರಬಹುದು ಎಂಬುದು ಎರಡು ಸರಕಾರಗಳ ಒಪ್ಪಂದದಲ್ಲಿ ಬರೆದಿರುತ್ತದೆ. ಆ ಪಟ್ಟಿಯಲ್ಲಿ ಬೆಂಗಳೂರು ಇದೆ, ಮಂಗಳೂರು ಇಲ್ಲ. ಅದಕ್ಕೇ ಬಜ್ಪೆಯಿಂದ ಕೊಲ್ಲಿಗೆ ಹಾರುವುದೆಲ್ಲ ನಮ್ಮ ದೇಶದ ಸಂಸ್ಥೆಗಳೇ. ರನ್‌ವೇ ಉದ್ದವಾದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಕಣ್ಣೂರನ್ನು ನೋಡಬೇಕು: 2018ರಲ್ಲಿ ತೆರೆದ ಆ ನಿಲ್ದಾಣದ ರನ್‌ವೇ 3,050 ಮೀಟರ್. ಆದರೂ ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ವಿದೇಶಿ ಸಂಸ್ಥೆಗಳ ದಿನನಿತ್ಯದ ಹಾರಾಟ ಅಲ್ಲಿಗೂ ದಕ್ಕಲಿಲ್ಲ.

ಮೂರನೆಯದು ಜನ. ಎಪ್ರಿಲ್–ಮೇ ತಿಂಗಳಲ್ಲಿ ಮಕ್ಕಳ ರಜೆಗೆ, ಮದುವೆಗೆ, ಊರಿನ ಬ್ರಹ್ಮಕಲಶಕ್ಕೆ, ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಆಗ 350 ಸೀಟೂ ತುಂಬೀತು. ಆದರೆ ಮಳೆಗಾಲದ ನಡುವಿನ ಮಂಗಳವಾರವೂ ಅದು ತುಂಬಬೇಕು. ದೊಡ್ಡ ನಗರಗಳಲ್ಲಿ ದುಬೈ ಮೂಲಕ ಲಂಡನ್, ನ್ಯೂಯಾರ್ಕಿಗೆ ಹೋಗುವವರು ಸೀಟು ತುಂಬಿಸುತ್ತಾರೆ. ನಮ್ಮಿಂದ ಹೋಗುವವರಲ್ಲಿ ಬಹುಪಾಲು ಜನರ ಗುರಿ ಕೊಲ್ಲಿಯೇ.

ಇನ್ನು ಮೊಣಕಾಲಿನ ವಿಚಾರ. ಇದನ್ನು ನಾನೇ ಒಮ್ಮೆ ಅಳೆದಿದ್ದೇನೆ. ನಡುದಾರಿಯ ಸೀಟಿನಲ್ಲಿ ಕುಳಿತು, ನನ್ನ ಕೈಯಾಸರೆಯ ತುದಿಯಿಂದ ಮುಂದಿನ ಸೀಟಿನ ಕೈಯಾಸರೆಯ ತುದಿಯವರೆಗೆ ಗೇಣು ಹಾಕಿದೆ. ಮೂರು ಗೇಣು, ಎರಡು ಬೆರಳು. ನನ್ನ ಗೇಣು ಒಂಬತ್ತು ಇಂಚು ಬರುತ್ತದೆ, ಅಂದರೆ ಸುಮಾರು 28–29 ಇಂಚು. ಈ ದೂರದಲ್ಲಿ ಸೀಟಿನ ಬೆನ್ನಿನ ದಪ್ಪವೂ ಸೇರಿದೆ. ಉಳಿದದ್ದು ನಮ್ಮ ತೊಡೆಗೆ, ಮೊಣಕಾಲಿಗೆ. ದಾರಿಯ ಆಚೆ ಬದಿ ಕುಳಿತಿದ್ದ ಹಿರಿಯರು ಎರಡೂ ಕಾಲನ್ನು ಓರೆಯಾಗಿ ದಾರಿಗೆ ಚಾಚಿ, ತಳ್ಳುಗಾಡಿ ಬಂದಾಗಲೆಲ್ಲ ಒಳಗೆಳೆದುಕೊಳ್ಳುತ್ತಿದ್ದರು. ನನಗೆ ಸಂಕಟವಾಯಿತು.

ಇಂಚು ಕಡಿಮೆಯಾಗುವುದು ಹೀಗೆ: ಮೂವತ್ತು ಸಾಲಿನಲ್ಲಿ ಪ್ರತಿ ಸಾಲಿನಿಂದ ಒಂದೊಂದು ಇಂಚು ತೆಗೆದರೆ ಮೂವತ್ತು ಇಂಚು, ಅಂದರೆ ಇನ್ನೊಂದು ಸಾಲು, ಆರು ಟಿಕೆಟ್. ಎಷ್ಟು ಬೇಕಾದರೂ ತುರುಕಲು ಮಾತ್ರ ಸಾಧ್ಯವಿಲ್ಲ. ಬಾಗಿಲುಗಳಲ್ಲಿ ಅರ್ಧವನ್ನಷ್ಟೇ ಬಳಸಿ, ಎಲ್ಲರೂ 90 ಸೆಕೆಂಡಿನಲ್ಲಿ ಹೊರಬರಬಹುದೆಂದು ತಯಾರಕರು ತೋರಿಸಬೇಕು. 737–800ಕ್ಕೆ ಆ ಮಿತಿ 189. ಕಡಿಮೆ ದರದ ಸಂಸ್ಥೆಗಳು ಈ ಮಿತಿಯ ಅಂಚಿನವರೆಗೂ ಹೋಗುತ್ತವೆ.

ಮುಂದೆ ಬಿಸಿನೆಸ್ ಕ್ಲಾಸ್ ಇಟ್ಟರೆ? ಸಾಲಿಗೆ ನಾಲ್ಕರಂತೆ ಮೂರು ಸಾಲು, ಹನ್ನೆರಡು ಸೀಟು ಹಾಕಲು ಎಕಾನಮಿಯ ನಾಲ್ಕೈದು ಸಾಲು, ಅಂದರೆ 24ರಿಂದ 30 ಸೀಟು ಹೋಗುತ್ತದೆ. ಹಾಗಾಗಿ ಅಲ್ಲಿನ ಟಿಕೆಟ್ಟಿಗೆ ಎರಡರಿಂದ ಎರಡೂವರೆ ಪಟ್ಟು ಕೊಡುವವರು ದಿನವೂ ಸಿಗಬೇಕು. ಕಂಪನಿಯ ಖರ್ಚಿನಲ್ಲಿ ಹೋಗುವವರಿರುವ ದೆಹಲಿ–ಮುಂಬೈ ದಾರಿಯಲ್ಲಿ ಸಿಗುತ್ತಾರೆ. ತನ್ನ ಸಂಬಳದಿಂದಲೇ ಟಿಕೆಟ್ ಕೊಳ್ಳುವ ಅಂಗಡಿ ಕೆಲಸದ ಹುಡುಗನಿಗೆ ಬೇಕಾದದ್ದು ಅಗ್ಗದ ಸೀಟು ಮತ್ತು ಮೂವತ್ತು ಕಿಲೋ ಲಗೇಜು. ಲಗೇಜೂ ಲೆಕ್ಕದ ದೊಡ್ಡ ಪಾಲು. ಹೋಗುವಾಗ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಉಪ್ಪಿನಕಾಯಿ. ಬರುವಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಅದರ ಜೊತೆಗೆ ಹೊಟ್ಟೆಯ ಗೂಡಿನಲ್ಲಿ ಸರಕು: ಶಂಕರಪುರದ ಮಲ್ಲಿಗೆ ಬೆಳಿಗ್ಗೆ ಕೊಯ್ದು, ಕಟ್ಟಿ, ವಿಮಾನವೇರಿ ಕೊಲ್ಲಿಯಲ್ಲಿ ನಮ್ಮವರ ಮುಡಿ ಸೇರುತ್ತದೆ. ಸೀಟು ತುಂಬಿ, ಲಗೇಜೂ ತುಂಬಿ, ಎದುರುಗಾಳಿಗೆಂದು ಹೆಚ್ಚು ಇಂಧನವನ್ನೂ ಹೊತ್ತ ದಿನ ತೂಕ ಮಿತಿ ಮುಟ್ಟಿದರೆ ಮೊದಲು ನೆಲದಲ್ಲಿ ಉಳಿಯುವುದು ಸರಕು.

ಇಷ್ಟೆಲ್ಲ ತಿಳಿದ ಮೇಲೆ ನನ್ನ ಅಭಿಪ್ರಾಯ ಇದು: ನಾವು ದೊಡ್ಡ ವಿಮಾನಕ್ಕಾಗಿ ಪಟ್ಟು ಹಿಡಿಯುವುದು ಬೇಡ. ವಾರಕ್ಕೆ ಎರಡು ಬಾರಿ ಬರುವ 350 ಸೀಟಿನ ವಿಮಾನಕ್ಕಿಂತ ದಿನಕ್ಕೆರಡು ಬಾರಿ ಬರುವ 180 ಸೀಟಿನದು ಊರಿಗೆ ಹೆಚ್ಚು ಉಪಕಾರಿ. ಊರಿನಲ್ಲಿ ಸಾವಾದರೆ ಮರುದಿನ ಬೆಳಿಗ್ಗೆಯೊಳಗೆ ಮಗ ತಲುಪಬೇಕಲ್ಲ! ಕೇಳಬೇಕಾದದ್ದು ಪಟ್ಟಿಗೆ ಮಂಗಳೂರಿನ ಹೆಸರನ್ನು. ಇನ್ನೊಂದೆರಡು ಸಂಸ್ಥೆಗಳು ಇದೇ ಅಳತೆಯ ವಿಮಾನದಲ್ಲಿ ಪೈಪೋಟಿಗೆ ಇಳಿದರೆ ರಜೆಯ ದಿನಗಳ ದರವೂ ಇಳಿದೀತು, ಆ ಎರಡು ಬೆರಳು ಮೂರಾದೀತು.

ಪತ್ರದ ಅಂಚಿನಲ್ಲಿ ನೀವು, ಹೆಂಡತಿಗೆ ಮೊಣಕಾಲು ನೋವು, ಯಾವ ಸೀಟು ಹಿಡಿಯಲಿ ಎಂದೂ ಕೇಳಿದ್ದೀರಿ. ಟಿಕೆಟ್ ಮಾಡುವಾಗ ವಿಮಾನದ ಹೆಸರು ಕಾಣಿಸುತ್ತದೆ, ನೋಡಿ. ಎ320 ಬಗೆಯದಾದರೆ ಒಳಗಿನ ಅಗಲ 737ಕ್ಕಿಂತ ಸುಮಾರು 16 ಸೆಂ.ಮೀ. ಹೆಚ್ಚು, ಸೀಟಿಗೆ ಒಂದಿಂಚು ಸಿಕ್ಕೀತು. ತುರ್ತು ಬಾಗಿಲಿನ ಪಕ್ಕದ ಸಾಲು ವಿಶಾಲವಾಗಿರುತ್ತದೆ, ಆದರೆ ಬಾಗಿಲು ತೆರೆಯಲು ಶಕ್ತರಾದವರಿಗೆ ಮಾತ್ರ ಕೊಡುತ್ತಾರೆ. ಆದ್ದರಿಂದ ನಡುದಾರಿಯ ಪಕ್ಕದ ಸೀಟು, ಆದಷ್ಟು ಮುಂದೆ. ಬೆಂಗಳೂರಿಗೆ ಎಟಿಆರ್ ಸಿಕ್ಕರೆ ಲೆಕ್ಕ ತಿರುವುಮುರುವು: ಹತ್ತುವ ಬಾಗಿಲು ಹಿಂದೆ, ಹಾಗಾಗಿ ಹಿಂದಿನ ಸಾಲೇ ಹತ್ತಿರ. ಮೆಟ್ಟಿಲು ನಾಲ್ಕೈದೇ ಇದ್ದರೂ ಕಡಿದು. ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಬರೆಸಿ. ಅವರನ್ನು ಕಿಟಕಿ ಪಕ್ಕ ಕೂರಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು, ಆ ವಿಮಾನದ ರೆಕ್ಕೆ ಮೇಲಿರುವುದರಿಂದ ಮೋಡವಿಲ್ಲದ ದಿನ ಘಟ್ಟದ ಕಾಡು ಅಡ್ಡಿಯಿಲ್ಲದೆ ಕಾಣುತ್ತದೆ.