ಚಿತ್ರೋತ್ಸವದ ಸಿನಿಮಾ ಮನೆಯ ಪರದೆಗೆ ಬಂದ ದಾರಿ

ಗದಗಿಗೆ ಹೊಂದಿಕೊಂಡಿರುವ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ತೆಗೆದ ‘ಶಿವಮ್ಮ’ ಚಿತ್ರಕ್ಕೆ 2022ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂದಿತು. ಅದು ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನ್‌ನಲ್ಲಿ. ಈ ವಿಳಂಬಕ್ಕೆ ಯಾರದೋ ಉದಾಸೀನವಷ್ಟೇ ಕಾರಣವಲ್ಲ. ದೊಡ್ಡ ಉತ್ಸವಗಳು ಮೊದಲ ಪ್ರದರ್ಶನದ ಹಕ್ಕನ್ನು ಕೇಳುವುದರಿಂದ ನಿರ್ಮಾಪಕರು ಚಿತ್ರವನ್ನು ಬಚ್ಚಿಟ್ಟುಕೊಳ್ಳಲೇಬೇಕಾಗುತ್ತದೆ. ಉತ್ಸವಗಳ ಸುತ್ತು ಮುಗಿಯುವ ಹೊತ್ತಿಗೆ ವಿತರಕರಿಗೆ ಅದು ಹಳೆಯ ಸರಕಾಗಿರುತ್ತದೆ.

ಇಂಥ ಚಿತ್ರಗಳನ್ನು ಉತ್ಸವದ ಹೊರಗೆ ತೋರಿಸುವ ಹೊಣೆ ಮೊದಲು ಚಿತ್ರ ಸಮಾಜಗಳದಾಗಿತ್ತು, ಅಂದರೆ ಸಿನಿಮಾವನ್ನು ಕೂಡಿ ನೋಡುವವರ ಸಂಘಗಳದು. 1947ರಲ್ಲಿ ಕಲ್ಕತ್ತಾದಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಟ್ಟಿದ ಸಂಘ, 1959ರಲ್ಲಿ ಇಂಥ ಸಂಘಗಳ ರಾಷ್ಟ್ರೀಯ ಒಕ್ಕೂಟ, 1964ರಲ್ಲಿ ಪುಣೆಯಲ್ಲಿ ಆರಂಭವಾದ ಚಲನಚಿತ್ರ ಸಂಗ್ರಹಾಲಯ, 1971ರಲ್ಲಿ ಬೆಂಗಳೂರಿನ ಸುಚಿತ್ರಾ, 1973ರಲ್ಲಿ ಹೆಗ್ಗೋಡಿನ ನೀನಾಸಂ ಚಿತ್ರಸಮಾಜ: ಇದು ಆ ಸರಣಿ. ನಾಟಕ, ಸಂಗೀತಗಳಿಗೆ ರಾತ್ರಿಯಿಡೀ ಕೂರುವ ಧಾರವಾಡದ ಪ್ರೇಕ್ಷಕರಿಗೆ ಅಭಿರುಚಿಯ ಕೊರತೆ ಇರಲಿಲ್ಲ. ಆದರೆ ರೀಲು ತರಿಸುವುದಕ್ಕೆ ಪ್ರೊಜೆಕ್ಟರ್, ಸಭಾಂಗಣ, ಬೆನ್ನುಹತ್ತಿ ಪತ್ರ ಬರೆಯುವ ಒಬ್ಬ ಹುಚ್ಚ, ಈ ಮೂರೂ ಒಂದೇ ಊರಿನಲ್ಲಿ ಕೂಡಿಬರಬೇಕಿತ್ತು.

ಅಂತರ್ಜಾಲ ಈ ಮೂರನ್ನೂ ಅನವಶ್ಯಕವಾಗಿಸಿತು. 2007ರಲ್ಲಿ ಎಫೆ ಚಾಕರೆಲ್ ಆರಂಭಿಸಿದ ಆನ್‌ಲೈನ್ ಸಿನಿಮಾ ವೇದಿಕೆ ‘ದಿ ಆಟರ್ಸ್’ 2010ರಲ್ಲಿ ‘ಮುಬಿ’ ಎಂದು ಹೆಸರು ಬದಲಿಸಿಕೊಂಡಿತು. ದಿನಕ್ಕೊಂದು ಹೊಸ ಚಿತ್ರ, ಪ್ರತಿ ಚಿತ್ರಕ್ಕೂ 30 ದಿನಗಳ ಆಯಸ್ಸು ಎಂಬುದು ಬಹುಕಾಲ ಅದರ ಕ್ರಮವಾಗಿತ್ತು. ಸಾವಿರಾರು ಚಿತ್ರಗಳ ರಾಶಿಯ ಮುಂದೆ ಕಕ್ಕಾಬಿಕ್ಕಿಯಾಗುವ ಪ್ರೇಕ್ಷಕನಿಗೆ ಬಲ್ಲವರೊಬ್ಬರು ಆರಿಸಿಕೊಟ್ಟ ಮೂವತ್ತು ಸಾಕು ಎಂಬ ಆ ನಂಬಿಕೆ ಚಿತ್ರ ಸಮಾಜದಿಂದಲೇ ಬಂದದ್ದೆಂದು ನನಗನಿಸುತ್ತದೆ. 2019ರ ಕೊನೆಗೆ ಅದು ಭಾರತಕ್ಕೂ ಬಂದಿತು. ಮರುವರ್ಷ ಕೋವಿಡ್ ಕಾಲದಲ್ಲಿ ಜಗತ್ತಿನ 20ಕ್ಕೂ ಹೆಚ್ಚು ಉತ್ಸವಗಳು ಒಟ್ಟಾಗಿ ಯೂಟ್ಯೂಬಿನಲ್ಲಿ ಹತ್ತು ದಿನ ಚಿತ್ರಗಳನ್ನು ಉಚಿತವಾಗಿ ತೋರಿಸಿದವು.

ಉಚಿತದಿಂದ ನಿರ್ಮಾಪಕನ ಹೊಟ್ಟೆ ತುಂಬುವುದಿಲ್ಲ. ದೊಡ್ಡ ಒಟಿಟಿಗಳಿಗೆ ತಾರೆಯರಿಲ್ಲದ ಕನ್ನಡ ಚಿತ್ರ ಬೇಡ. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ಆರಂಭಿಸಿದ ಒಟಿಟಿ ‘ಸಿಸ್ಪೇಸ್’ ಬೇರೆ ದಾರಿ ಹಿಡಿಯಿತು: ತಿಂಗಳ ಚಂದಾ ಇಲ್ಲ, ನೋಡಿದ ಚಿತ್ರಕ್ಕಷ್ಟೇ 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕರಿಗೆ. ಕರ್ನಾಟಕವೂ 2025-26ರ ಬಜೆಟ್‌ನಲ್ಲಿ ಸ್ವಂತ ಒಟಿಟಿ ವೇದಿಕೆಯನ್ನು ಘೋಷಿಸಿತು.

ಈ ಘೋಷಣೆಯ ಸುತ್ತಲಿನ ಚರ್ಚೆ ಬಹುಪಾಲು ನಿರ್ಮಾಪಕರ ಪಾಲಿನ ಬಗೆಗೇ ಇದೆ, ಕೂಡಿ ನೋಡುವವರ ಬಗ್ಗೆ ಅಲ್ಲ. ಮನೆಯಲ್ಲಿ ನೋಡಲು ಕೊಂಡ ಪರವಾನಗಿಯಲ್ಲಿ ಸಾರ್ವಜನಿಕ ಪ್ರದರ್ಶನದ ಹಕ್ಕು ಇರುವುದಿಲ್ಲ. ಹಾವೇರಿಯ ಕಾಲೇಜೊಂದರ ಅಧ್ಯಾಪಕರು ಹಣ ಕೊಟ್ಟು ಪಡೆದ ಚಿತ್ರವನ್ನು ಊರಿನ ಐವತ್ತು ಜನರಿಗೆ ಗೋಡೆಯ ಮೇಲೆ ತೋರಿಸಿದರೆ ಅದು ನಿಯಮಬಾಹಿರ. ಕೂಡಿ ನೋಡುವುದಕ್ಕೆಂದೇ ಹುಟ್ಟಿದ ಚಿತ್ರ ಸಮಾಜದ ಉತ್ತರಾಧಿಕಾರಿಯಾದ ಅಂತರ್ಜಾಲ ವೇದಿಕೆ ಕೂಡಿ ನೋಡುವವರನ್ನೇ ಹೊರಗಿಟ್ಟಿದೆ. ಒಬ್ಬರಿಗೊಂದು ದರ, ಸಂಘ-ಕಾಲೇಜುಗಳ ಪ್ರದರ್ಶನಕ್ಕೆ ಇನ್ನೊಂದು ದರ ಎಂದು ಆರಂಭದಲ್ಲೇ ನಿಗದಿ ಮಾಡಿದರೆ ನಿರ್ಮಾಪಕರಿಗೂ ನಷ್ಟವಿಲ್ಲ, ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಖಾಲಿ ಇರುವ ಸಭಾಂಗಣಗಳಿಗೂ ಕೆಲಸ ಸಿಗುತ್ತದೆ.