ಐಒಟಿ ಎಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ? ಬೋರ್‌ವೆಲ್‌ನಿಂದ ಬೇರಿಂಗ್‌ವರೆಗೆ

ಐಒಟಿ ಅಂದರೆ ಇಂಟರ್ನೆಟ್ ಆಫ್ ಥಿಂಗ್ಸ್, ನೆಟ್‌ವರ್ಕ್ ಮೂಲಕ ಮಾಹಿತಿ ಕಳಿಸುವ, ಆಜ್ಞೆ ಪಡೆಯುವ ವಸ್ತುಗಳ ಜಾಲ. ಅದರ ಪಾಠದಲ್ಲಿ ‘ಉಪಯೋಗಗಳು’ ಬಂದ ಕೂಡಲೇ ಪಟ್ಟಿ ಶುರು. ಸ್ಮಾರ್ಟ್ ಹೋಮ್, ಸ್ಮಾರ್ಟ್ ಸಿಟಿ, ಸ್ಮಾರ್ಟ್ ಕೃಷಿ. ಎಲ್ಲದರ ಮುಂದೆ ‘ಸ್ಮಾರ್ಟ್’ ಅಂಟಿಸಿದರೆ ಅರ್ಧ ಉತ್ತರ ಮುಗಿಯಿತು, ಅಲ್ವಾ? ಪರೀಕ್ಷೆಗೆ ಅದು ಸಾಕಾಗಬಹುದು, ಆದರೆ ವಿಷಯ ತಲೆಗೆ ಹತ್ತುವುದಿಲ್ಲ. ಅದಕ್ಕೆ ಈ ಟಿಪ್ಪಣಿಯಲ್ಲಿ ಪ್ರತಿ ಉದಾಹರಣೆಗೂ ಒಂದೇ ಪ್ರಶ್ನೆ ಕೇಳಿದ್ದೇನೆ. ಈ ಸಾಧನ ಇಲ್ಲದಿದ್ದರೆ ಯಾರು ಎದ್ದು ಹೋಗಿ ನೋಡಬೇಕಿತ್ತು? ಆ ಓಡಾಟ ಎಷ್ಟು ಕಷ್ಟವೋ ಐಒಟಿಗೆ ಅಲ್ಲಿ ಅಷ್ಟು ಬೆಲೆ. ಎದ್ದು ಹೋಗುವ ಗೋಜೇ ಇಲ್ಲದ ಕಡೆ ಅದು ಬರೀ ಶೋಕಿ.

ಮೊದಲು ತೋಟದ ಪಂಪ್‌ಸೆಟ್

ನಮ್ಮ ಕಡೆ ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ದಿನವಿಡೀ ಇರುವುದಿಲ್ಲ. ಕೆಲವು ಗಂಟೆ ಮಾತ್ರ, ಅದೂ ಪಾಳಿಯಲ್ಲಿ. ರಾತ್ರಿ ಪಾಳಿ ಬಂದರೆ ರೈತ ಟಾರ್ಚ್ ಹಿಡಿದು ತೋಟಕ್ಕೆ ಹೋಗಬೇಕು. ಹಾವು, ಚೇಳು, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವ ಭಯ, ಮಲೆನಾಡಿನ ಕೆಲವು ಕಡೆ ಆನೆ ಬೇರೆ. ಹೋದ ಮೇಲೆ ಕರೆಂಟೇ ಇಲ್ಲದಿದ್ದರೆ ಬರಿಗೈಲಿ ವಾಪಸ್.

ಇದಕ್ಕೆ ಪರಿಹಾರವಾಗಿ ಬಂದದ್ದು ಮೊಬೈಲ್ ಸ್ಟಾರ್ಟರ್. ಸ್ಟಾರ್ಟರ್ ಡಬ್ಬಿಯೊಳಗೆ ಒಂದು ಸಿಮ್ ಕಾರ್ಡ್ ಇರುವ ಬೋರ್ಡ್. ಮನೆಯಿಂದ ಕಾಲ್ ಮಾಡಿದರೆ ಕರೆಂಟ್ ಇದೆಯೋ ಇಲ್ಲವೋ ಹೇಳುತ್ತದೆ, ಒಂದು ನಂಬರ್ ಒತ್ತಿದರೆ ಮೋಟಾರ್ ಆನ್. ಪುಣೆಯ ಸಂತೋಷ್ ಒಸ್ತ್ವಾಲ್ ಅವರ ‘ನ್ಯಾನೋ ಗಣೇಶ್’ ಈ ಬಗೆಯ ಸಾಧನಗಳಲ್ಲಿ ಹೆಸರು ಮಾಡಿದ್ದು. ಈಗ ಬೇರೆ ಬೇರೆ ಕಂಪನಿಗಳದ್ದು ಸಿಗುತ್ತವೆ. ಐಒಟಿ ಅನ್ನುವ ಮಾತು ಕೇಳದವರ ತೋಟದಲ್ಲೂ ಇದು ಇದೆ.

ಆನ್-ಆಫ್ ಮಾಡುವುದು ಸುಲಭದ ಭಾಗ. ಕಲಿಯುವವರು ನೋಡಬೇಕಾದದ್ದು ಅದು ಮೋಟಾರನ್ನು ಹೇಗೆ ಕಾಯುತ್ತದೆ ಅನ್ನುವುದನ್ನು. ಕೋಲಾರದ ಕಡೆ ಬೋರ್‌ವೆಲ್ 1,000 ಅಡಿ ದಾಟುತ್ತದೆ. ಅಷ್ಟು ಕೆಳಗೆ ನೀರಿದೆಯೇ ಅಂತ ನೋಡಲು ಸೆನ್ಸರ್ ಇಳಿಸುವುದು ಖರ್ಚಿನ ಕೆಲಸ. ಹಾಗಾಗಿ ಹೆಚ್ಚಿನವರು ಇಳಿಸುವುದಿಲ್ಲ. ಬದಲಿಗೆ ಮೇಲೆ ಪೆಟ್ಟಿಗೆಯಲ್ಲೇ ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಅಳೆಯುತ್ತಾರೆ. ನೀರು ಎತ್ತುವಾಗ ಮೋಟಾರಿನ ಮೇಲೆ ಭಾರ ಇರುತ್ತದೆ, ಆಂಪಿಯರ್ ಜಾಸ್ತಿ. ನೀರು ಖಾಲಿಯಾದರೆ ಭಾರ ಇಲ್ಲ, ಆಂಪಿಯರ್ ಇಳಿಯುತ್ತದೆ. ಇಳಿದು ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಬೋರ್ಡ್ ಅದನ್ನು ಡ್ರೈ ರನ್ ಅಂತ ತಿಳಿದು ಮೋಟಾರ್ ನಿಲ್ಲಿಸುತ್ತದೆ. ಆಂಪಿಯರ್ ಮಿತಿ ಮೀರಿ ಏರಿದರೆ ಓವರ್‌ಲೋಡ್, ಆಗಲೂ ನಿಲ್ಲಿಸುತ್ತದೆ. ಮೂರರಲ್ಲಿ ಒಂದು ಫೇಸ್ ಹೋದರೆ ಮೋಟಾರ್ ಸುಟ್ಟೇ ಹೋಗುತ್ತದೆ, ಅದಕ್ಕೆ ಫೇಸ್‌ಗಳ ಮೇಲೂ ಕಣ್ಣು. ಫೇಸ್ ಕ್ರಮ ತಿರುಗುಮುರುಗಾದರೆ ಪಂಪ್ ಉಲ್ಟಾ ತಿರುಗುತ್ತದೆ, ಅದನ್ನೂ ಹಿಡಿಯುತ್ತದೆ.

ಈ ತಂತ್ರವನ್ನು ಗಟ್ಟಿ ನೆನಪಿಡಿ. ಬೇಕಾದದ್ದನ್ನು ನೇರ ಅಳೆಯಲಾಗದಿದ್ದರೆ ಅದರ ಜೊತೆಗೆ ಏರಿಳಿಯುವ ಇನ್ನೊಂದನ್ನು ಅಳೆಯುವುದು. ಮುಂದೆ ಫ್ಯಾಕ್ಟರಿಯಲ್ಲೂ ಇದೇ ಬರುತ್ತದೆ.

ಒಂದು ತಕರಾರೂ ಇದೆ. ಕರೆಂಟ್ ಬಂದ ಕ್ಷಣ ತಾನೇ ಶುರುವಾಗುವ ಆಟೋ ಮೋಡ್ ಹಾಕಿಟ್ಟರೆ ಒಂದೇ ಟ್ರಾನ್ಸ್‌ಫಾರ್ಮರ್‌ನ ಎಲ್ಲ ಪಂಪ್‌ಗಳೂ ಒಟ್ಟಿಗೆ ಏಳುತ್ತವೆ. ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ತಡೆದುಕೊಳ್ಳುವುದಿಲ್ಲ. ಒಂದೊಂದು ಪಂಪಿಗೆ ಒಂದೊಂದು ವಿಳಂಬ ಸಮಯ ಇಟ್ಟರೆ ಈ ತೊಂದರೆ ತಪ್ಪುತ್ತದೆ. ಇನ್ನೊಂದು, ಯಾರೂ ನೋಡದೆ ಓಡುವ ಪಂಪ್ ಬೇಡದ ನೀರನ್ನೂ ಎತ್ತುತ್ತಿರುತ್ತದೆ. ಅಂತರ್ಜಲದ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ.

ಮಳೆ ಮಾಪಕ: ಅಳತೆ ತಪ್ಪಿದರೆ ದುಡ್ಡು ತಪ್ಪುತ್ತದೆ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆ ಮಾಪಕಗಳನ್ನು ಇಟ್ಟಿದೆ. ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳೂ ಇವೆ. 15 ನಿಮಿಷಕ್ಕೊಮ್ಮೆ ಮೊಬೈಲ್ ನೆಟ್‌ವರ್ಕ್ ಮೂಲಕ ಅಂಕಿ ಬೆಂಗಳೂರಿಗೆ ಬರುತ್ತದೆ. ಹಳೇ ಕಾಲದ ಮಾಪಕದಲ್ಲಿ ಒಬ್ಬರು ಬೆಳಿಗ್ಗೆ ಹೋಗಿ, ನೀರು ಅಳೆದು, ಬರೆದಿಡಬೇಕಿತ್ತು. ಒಂದೇ ಗಂಟೆಯಲ್ಲಿ ಸುರಿದಿದ್ದೋ ಇಡೀ ರಾತ್ರಿ ಜಿನುಗಿದ್ದೋ ಅದರಲ್ಲಿ ಗೊತ್ತಾಗುತ್ತಿರಲಿಲ್ಲ.

ಸ್ವಯಂಚಾಲಿತ ಮಳೆ ಮಾಪಕಗಳಲ್ಲಿ ತುಂಬ ಬಳಕೆಯಲ್ಲಿರುವುದು ಟಿಪ್ಪಿಂಗ್ ಬಕೆಟ್. ಆಲಿಕೆಯ ಕೆಳಗೆ ಎರಡು ಪುಟ್ಟ ಬಟ್ಟಲು, ಏತದ ಹಲಗೆಯಂತೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಒಂದು ತುಂಬಿದಾಗ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ಮಗುಚುವಿಕೆಗೆ ಒಂದು ಅಯಸ್ಕಾಂತ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಆನ್ ಆಗುವ ಸ್ವಿಚ್) ಮುಂದೆ ಹಾದು ಒಂದು ಪಲ್ಸ್ ಕೊಡುತ್ತದೆ. ಒಂದು ಮಗುಚುವಿಕೆಗೆ 0.2 ಮಿ.ಮೀ. ಅಂತ ಇಟ್ಟುಕೊಳ್ಳಿ. 15 ನಿಮಿಷದಲ್ಲಿ 40 ಪಲ್ಸ್ ಬಂದರೆ 8 ಮಿ.ಮೀ. ಮಳೆ. ಲೆಕ್ಕ ಇಷ್ಟೇ.

ಈಗ ಇದರ ಬಳಕೆ ನೋಡಿ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ಸಿಗುವುದೋ ಇಲ್ಲವೋ ಅನ್ನುವುದು ಇಂಥ ಅಂಕಿಯ ಮೇಲೆ ನಿಂತಿದೆ. ಆಲಿಕೆಗೆ ಒಂದು ತರಗೆಲೆ ಬಿದ್ದು ತೂತು ಕಟ್ಟಿಕೊಂಡರೆ? ಜೋರು ಮಳೆಯಲ್ಲೂ ಮಾಪಕ ಸೊನ್ನೆ ಕಳಿಸುತ್ತದೆ. ಸಾಧನ ಆನ್‌ಲೈನ್, ಸಿಗ್ನಲ್ ಫುಲ್, ಅಂಕಿ ಮಾತ್ರ ಸುಳ್ಳು. ಅಕ್ಕಪಕ್ಕದ ಪಂಚಾಯಿತಿಗಳ ಅಂಕಿ ಜೊತೆ ಹೋಲಿಸಿದರೆ ಮಾತ್ರ ಇದು ಸಿಕ್ಕಿಬೀಳುತ್ತದೆ. ಪಠ್ಯದಲ್ಲಿ ಸೆನ್ಸರ್ ನಿರ್ವಹಣೆಗೆ ಒಂದು ಸಾಲು ಕೊಟ್ಟಿರುತ್ತಾರೆ. ನನ್ನ ಪ್ರಕಾರ ಅದಕ್ಕೇ ಒಂದು ಅಧ್ಯಾಯ ಬೇಕು.

ಬ್ಯಾಟರಿ ಮತ್ತು ಮಾತು

ಹೊಲದ ಮಧ್ಯೆ ಇರುವ ಸಾಧನಕ್ಕೆ ಪ್ಲಗ್ ಪಾಯಿಂಟ್ ಎಲ್ಲಿಂದ ತರುವುದು? ಲ್ಯಾಬ್‌ನಲ್ಲಿ ಎಲ್ಲರೂ ಬಳಸುವ ಇಎಸ್‌ಪಿ32 ಚಿಪ್ಪನ್ನೇ ತೆಗೆದುಕೊಳ್ಳಿ. ವೈಫೈ ಆನ್ ಇದ್ದಾಗ ಸುಮಾರು 100 ಮಿಲಿಆಂಪಿಯರ್ ಅಂದುಕೊಂಡರೆ 2,000 ಮಿಲಿಆಂಪಿಯರ್-ಅವರ್ ಬ್ಯಾಟರಿ 20 ಗಂಟೆಯಲ್ಲಿ ಖಾಲಿ. ಅದೇ ಚಿಪ್ ಡೀಪ್ ಸ್ಲೀಪ್‌ನಲ್ಲಿ ಸುಮಾರು 10 ಮೈಕ್ರೋಆಂಪಿಯರ್ ಮಾತ್ರ ಎಳೆಯುತ್ತದೆ. ಅದೇ ಬ್ಯಾಟರಿ ಕಾಗದದ ಲೆಕ್ಕದಲ್ಲಿ 2,00,000 ಗಂಟೆ, ಅಂದರೆ 22 ವರ್ಷಕ್ಕೂ ಹೆಚ್ಚು! ನಿಜದಲ್ಲಿ ಬ್ಯಾಟರಿ ಸುಮ್ನೆ ಇಟ್ಟರೂ ಅದಕ್ಕಿಂತ ಮೊದಲೇ ಸಾಯುತ್ತದೆ. ಡೆವಲಪ್‌ಮೆಂಟ್ ಬೋರ್ಡ್‌ನ ಎಲ್‌ಇಡಿ, ರೆಗ್ಯುಲೇಟರ್ ಕೂಡ ಕರೆಂಟ್ ತಿನ್ನುತ್ತವೆ. ಆದರೂ ಪಾಠ ಸ್ಪಷ್ಟ. ಎಚ್ಚರವಾಗು, ಅಳೆ, ಕಳಿಸು, ಮಲಗು. ಹೊಲದ ಸಾಧನದ ದಿನಚರಿ ಇದೇ. ಇದಕ್ಕೇ ಲೋರಾ ಎಂಬ ರೇಡಿಯೋ ತಂತ್ರ ಇಷ್ಟು ಜನಪ್ರಿಯ. ವೇಗ ಕಮ್ಮಿ, ಸಣ್ಣ ಸಣ್ಣ ಸಂದೇಶ, ಆದರೆ ಬಯಲಿನಲ್ಲಿ ಕಿಲೋಮೀಟರ್‌ಗಟ್ಟಲೆ ದೂರ, ಕಮ್ಮಿ ಬ್ಯಾಟರಿ. ವಿಡಿಯೋ ಕಳಿಸಬೇಕಾದರೆ ಲೋರಾ ಕಡೆ ತಲೆ ಹಾಕಬೇಡಿ.

ಸಂದೇಶ ಕಳಿಸುವ ರೀತಿಗೆ ಎಂಕ್ಯೂಟಿಟಿ ಎಂಬ ಪ್ರೋಟೋಕಾಲ್, ಅಂದರೆ ಸಾಧನಗಳು ಮಾತಾಡುವ ನಿಯಮಾವಳಿ. ಇದನ್ನು 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಮಾಡಿದ್ದು ತೈಲ ಪೈಪ್‌ಲೈನ್‌ಗಾಗಿ. ಮರುಭೂಮಿಯ ಪೈಪ್‌ಲೈನ್‌ನಿಂದ ಸ್ಯಾಟಲೈಟ್ ಮೂಲಕ ಅಂಕಿ ತರಿಸಬೇಕಿತ್ತು, ಒಂದೊಂದು ಬೈಟ್‌ಗೂ ದುಡ್ಡು. ಅದಕ್ಕೇ ಇದರ ಸಂದೇಶದ ತಲೆಭಾಗ 2 ಬೈಟ್‌ನಷ್ಟು ಚಿಕ್ಕದಿರಬಹುದು. ಮಧ್ಯೆ ಒಬ್ಬ ಬ್ರೋಕರ್, ಅಂದರೆ ಸಂದೇಶ ಪಡೆದು ಹಂಚುವ ಸರ್ವರ್. ಪಂಪ್ ‘ತೋಟ/ಬೋರ್1/ಆಂಪಿಯರ್’ ಎಂಬ ಟಾಪಿಕ್‌ಗೆ ಅಂಕಿ ಪ್ರಕಟಿಸುತ್ತದೆ, ಅದು ಬೇಕಾದವರು ಚಂದಾದಾರರಾಗುತ್ತಾರೆ. ಟಾಪಿಕ್ ಹೆಸರು ಯುನಿಕೋಡ್ ಆದ್ದರಿಂದ ಕನ್ನಡದಲ್ಲೇ ಇಡಬಹುದು, ಒಮ್ಮೆ ಮಾಡಿ ನೋಡಿ. ಇದರಲ್ಲಿ ‘ಲಾಸ್ಟ್ ವಿಲ್’ ಅನ್ನುವ ಸೌಲಭ್ಯವೂ ಇದೆ. ಸಾಧನ ಹೇಳದೆ ಕೇಳದೆ ಮಾಯವಾದರೆ, ಅದು ಮೊದಲೇ ಬರೆದಿಟ್ಟ ಸಂದೇಶವನ್ನು ಬ್ರೋಕರ್ ಅದರ ಚಂದಾದಾರರಿಗೆ ತಲುಪಿಸುತ್ತದೆ. ಕರೆಂಟ್ ಪದೇ ಪದೇ ಹೋಗುವ ಊರಿಗೆ ಹೇಳಿ ಮಾಡಿಸಿದ್ದು.

ಲಸಿಕೆಯ ಫ್ರಿಜ್

ಹೆಚ್ಚಿನ ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಬಿಸಿಯಾದರೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಹೆಪಟೈಟಿಸ್ ಬಿ ಥರದವು ಹೆಪ್ಪುಗಟ್ಟಿದರೂ ಕೆಡುತ್ತವೆ. ಕೆಟ್ಟ ಲಸಿಕೆ ನೋಡಲು ಒಳ್ಳೆಯದರಂತೆಯೇ ಇರಬಹುದು, ಸಮಸ್ಯೆ ಇರುವುದೇ ಅಲ್ಲಿ. ಭಾರತದಲ್ಲಿ ಇವಿನ್ ಎಂಬ ವ್ಯವಸ್ಥೆ ಲಸಿಕೆ ದಾಸ್ತಾನಿನ ಜೊತೆಗೆ ಫ್ರಿಜ್‌ಗಳ ತಾಪಮಾನವನ್ನೂ ಸಿಮ್ ಇರುವ ಲಾಗರ್‌ಗಳಿಂದ ತರಿಸಿಕೊಳ್ಳುತ್ತದೆ. ರಾತ್ರಿ ಫ್ರಿಜ್ ಪಕ್ಕ ಯಾರು ಕೂರುತ್ತಾರೆ?

ಇಲ್ಲಿ ವಿನ್ಯಾಸದ ಒಂದು ಸೂಕ್ಷ್ಮ. ಬಾಗಿಲು ತೆಗೆದಾಗಲೆಲ್ಲ ತಾಪಮಾನ ಸ್ವಲ್ಪ ಏರುತ್ತದೆ. 8 ದಾಟಿದ ಕ್ಷಣವೇ ಅಲಾರಂ ಹೊಡೆದರೆ ದಿನಕ್ಕೆ ಹತ್ತಾರು ಮೆಸೇಜ್, ಆಮೇಲೆ ಯಾರೂ ನೋಡುವುದಿಲ್ಲ. ಅದಕ್ಕೆ ಮಿತಿಯ ಜೊತೆ ಅವಧಿಯನ್ನೂ ಇಡಬೇಕು. ಇಷ್ಟು ಹೊತ್ತು ಮಿತಿ ಮೀರಿದ್ದರೆ ಮಾತ್ರ ಎಚ್ಚರಿಸು ಅಂತ. ಪಂಪಿನ ಡ್ರೈ ರನ್‌ನಲ್ಲಿ ‘ಸ್ವಲ್ಪ ಹೊತ್ತು’ ಕಾದದ್ದೂ ಇದಕ್ಕೇ.

ಫ್ಯಾಕ್ಟರಿ ಒಳಗೆ

ಬೆಂಗಳೂರಿನ ಪೀಣ್ಯದಂಥ ಕಡೆ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಹಳೇ ಲೇತ್, ಮಿಲ್ಲಿಂಗ್ ಮಷೀನುಗಳು ಬಹಳ. ಅವಕ್ಕೆ ಕಂಪ್ಯೂಟರ್ ಇಲ್ಲ, ಪೋರ್ಟ್ ಇಲ್ಲ. ಮಷೀನ್ ದಿನಕ್ಕೆ ಎಷ್ಟು ಹೊತ್ತು ನಿಜವಾಗಿ ಓಡಿತು ಅಂತ ತಿಳಿಯಬೇಕಾದರೆ ಮೋಟಾರಿನ ವೈರಿಗೆ ಒಂದು ಕರೆಂಟ್ ಕ್ಲಾಂಪ್ (ವೈರನ್ನು ಸುತ್ತುವರಿದು ಆಂಪಿಯರ್ ಅಳೆಯುವ ಸೆನ್ಸರ್) ಹಾಕಿದರೆ ಸಾಕು. ಆಂಪಿಯರ್ ಸೊನ್ನೆ ಅಂದರೆ ನಿಂತಿದೆ, ಕಮ್ಮಿ ಅಂದರೆ ಖಾಲಿ ಓಡುತ್ತಿದೆ, ಜಾಸ್ತಿ ಅಂದರೆ ಕಟಿಂಗ್ ನಡೆದಿದೆ. ಬೋರ್‌ವೆಲ್‌ನಲ್ಲಿ ನೋಡಿದ ಅದೇ ಉಪಾಯ.

ಬೇರಿಂಗ್ ಕೆಡುವುದನ್ನು ಮೊದಲೇ ಹಿಡಿಯಲು ಕಂಪನ ಅಳೆಯುತ್ತಾರೆ. 1,440 ಆರ್‌ಪಿಎಂ ಮೋಟಾರ್ ಸೆಕೆಂಡಿಗೆ 24 ಸುತ್ತು. ತೂಕ ಒಂದು ಕಡೆ ವಾಲಿದ್ದರೆ ಕಂಪನ 24 ಹರ್ಟ್ಜ್‌ನಲ್ಲಿ ಎದ್ದು ಕಾಣುತ್ತದೆ. ಜೋಡಣೆ ಸೊಟ್ಟಗಿದ್ದರೆ ಅದರ ದುಪ್ಪಟ್ಟು, 48ರಲ್ಲಿ. ಬೇರಿಂಗ್‌ನ ಹೊರಬಳೆಯಲ್ಲಿ ಬಿರುಕಿದ್ದರೆ ಪ್ರತಿ ಗುಂಡು ಅದರ ಮೇಲೆ ಹಾಯುವಾಗ ಒಂದು ಏಟು. 8 ಗುಂಡಿನ ಬೇರಿಂಗ್‌ಗೆ ಅಂದಾಜು ಸೂತ್ರ 0.4 × 8 × 24, ಅಂದರೆ 77 ಹರ್ಟ್ಜ್ ಹತ್ತಿರ. ಹೀಗೆ ಯಾವ ಆವರ್ತನ ಏರುತ್ತಿದೆ ಅನ್ನುವುದೇ ಯಾವ ಭಾಗ ಕೆಡುತ್ತಿದೆ ಅಂತ ಹೇಳುತ್ತದೆ. ಇದಕ್ಕೆ ಸೆಕೆಂಡಿಗೆ ಸಾವಿರಾರು ಸಲ ಅಳೆಯಬೇಕು. ಎಲ್ಲವನ್ನೂ ಕ್ಲೌಡ್‌ಗೆ ಕಳಿಸಿದರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಮಷೀನ್ ಪಕ್ಕದಲ್ಲೇ ಲೆಕ್ಕ ಮಾಡಿ ಸಾರಾಂಶ ಮಾತ್ರ ಕಳಿಸುತ್ತಾರೆ. ಎಡ್ಜ್ ಕಂಪ್ಯೂಟಿಂಗ್ ಅಂತ ಪಾಠದಲ್ಲಿ ಬರುವುದು ಇದೇ.

ಮನೆ, ಟೋಲ್, ಮೀಟರ್

ಮನೆಯ ಉದಾಹರಣೆಗಳಿಗೆ ನಾನು ಜಾಸ್ತಿ ಜಾಗ ಕೊಡುವುದಿಲ್ಲ. ಫೋನಿನಿಂದ ಬಲ್ಬ್ ಹಚ್ಚುವುದು ಚೆಂದ, ಸ್ವಿಚ್ ಎರಡು ಹೆಜ್ಜೆ ದೂರದಲ್ಲಿದೆ. ಓವರ್‌ಹೆಡ್ ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಲು ಫ್ಲೋಟ್ ಸ್ವಿಚ್ ಸಾಕು, ಇಂಟರ್ನೆಟ್ ಬೇಡ.

ಫಾಸ್ಟ್ಯಾಗ್ ಐಒಟಿಯೇ ಅಂತ ಕೆಲವರು ಕೇಳುತ್ತಾರೆ. ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ, ಟೋಲ್‌ನ ರೀಡರ್ ಬಿಡುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ನಾನು ಹೌದು ಅನ್ನುತ್ತೇನೆ. ‘ಇಂಟರ್ನೆಟ್ ಆಫ್ ಥಿಂಗ್ಸ್’ ಎಂಬ ಹೆಸರನ್ನು ಕೆವಿನ್ ಆಷ್ಟನ್ 1999ರಲ್ಲಿ ಬಳಸಿದ್ದೇ ಇಂಥ ಆರ್‌ಎಫ್‌ಐಡಿ ಟ್ಯಾಗ್‌ಗಳ ಬಗ್ಗೆ ಮಾತಾಡುತ್ತಾ. ಸ್ಮಾರ್ಟ್ ಮೀಟರ್ ಬಗ್ಗೆ ಒಂದೇ ಮಾತು. ಅದು ಯೂನಿಟ್ ಲೆಕ್ಕ ಕಳಿಸುವುದಷ್ಟೇ ಅಲ್ಲ, ದೂರದಿಂದ ಕರೆಂಟ್ ಕಟ್ ಮಾಡುವ ಸ್ವಿಚ್ ಕೂಡ ಅದರೊಳಗೆ ಇರುತ್ತದೆ. ಅಂಥ ಸ್ವಿಚ್ ಬೇರೆಯವರ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ಯೋಚಿಸಿ.

ಇದು ಕಲ್ಪನೆಯ ಭಯವಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದ ಸಿಸಿಟಿವಿ ಕ್ಯಾಮೆರಾ, ವಿಡಿಯೋ ರೆಕಾರ್ಡರ್‌ಗಳಿಗೆ ನುಗ್ಗಿ ಅವನ್ನೆಲ್ಲ ಒಂದು ದಂಡು ಮಾಡಿತು. ಅಕ್ಟೋಬರ್ 21ರಂದು, ವೆಬ್‌ಸೈಟ್ ಹೆಸರಿನಿಂದ ಅದರ ಇಂಟರ್ನೆಟ್ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿಯಾಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಥರದ ತಾಣಗಳು ಅನೇಕರಿಗೆ ಸಿಗಲಿಲ್ಲ. ಮೊಬೈಲ್ ಸ್ಟಾರ್ಟರ್‌ನಲ್ಲೂ ನೋಂದಾಯಿಸಿದ ನಂಬರ್‌ಗೆ ಮಾತ್ರ ಉತ್ತರಿಸುವ ಸೆಟಿಂಗ್ ಇದ್ದರೆ ಅದನ್ನು ಆನ್ ಮಾಡಿಸಿ.

ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ

ಮಣ್ಣಿನ ತೇವಾಂಶದ ಪ್ರಾಜೆಕ್ಟನ್ನು ಎಲ್ಲರೂ ಮಾಡುತ್ತಾರೆ. ಅದನ್ನೇ ಮಾಡುವುದಾದರೆ ಎರಡು ಕಡ್ಡಿಯ ಅಗ್ಗದ ರೆಸಿಸ್ಟಿವ್ ಸೆನ್ಸರ್ ಬೇಡ, ಅದು ಮಣ್ಣಿನಲ್ಲಿ ಬೇಗ ಸವೆದುಹೋಗುತ್ತದೆ. ಕೆಪಾಸಿಟಿವ್ ತೆಗೆದುಕೊಳ್ಳಿ. ನನ್ನ ಆಯ್ಕೆ ಮಾತ್ರ ಕರೆಂಟ್ ಕ್ಲಾಂಪ್. ಒಂದು ಎಸ್‌ಸಿಟಿ-013 ಕ್ಲಾಂಪ್, ಒಂದು ಇಎಸ್‌ಪಿ32, ಎರಡು ಮೂರು ರೆಸಿಸ್ಟರ್, ಒಂದು ಕೆಪಾಸಿಟರ್. ಎಸಿ ಸಿಗ್ನಲ್ ಸೊನ್ನೆಯ ಕೆಳಗೂ ಹೋಗುತ್ತದೆ, ಚಿಪ್ ಓದುವುದು 0ಯಿಂದ 3.3 ವೋಲ್ಟ್ ಒಳಗೆ ಮಾತ್ರ. ಹಾಗಾಗಿ ರೆಸಿಸ್ಟರ್‌ಗಳಿಂದ ಸಿಗ್ನಲನ್ನು ಮಧ್ಯಕ್ಕೆ, 1.65 ವೋಲ್ಟ್ ಸುತ್ತ ಎತ್ತಿ ಕೂರಿಸಬೇಕು. ಕ್ಲಾಂಪ್ ಹಾಕುವಾಗ ಫೇಸ್ ವೈರ್ ಒಂದನ್ನೇ ಒಳಗೆ ಬಿಡಿ, ಆ ವೈರಿನ ಇನ್ಸುಲೇಷನ್ ಸರಿ ಇದೆಯೇ ನೋಡಿ, ಮೇನ್ ಆಫ್ ಮಾಡಿಯೇ ಕೈ ಹಾಕಿ. ಫೇಸ್, ನ್ಯೂಟ್ರಲ್ ಎರಡೂ ಇರುವ ಇಡೀ ಕೇಬಲ್‌ಗೆ ಹಾಕಿದರೆ ಹೋಗುವ ಕರೆಂಟ್, ಬರುವ ಕರೆಂಟ್ ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿ, ಮೋಟಾರ್ ಭರ್ಜರಿಯಾಗಿ ಓಡುತ್ತಿದ್ದರೂ ಸೊನ್ನೆ ತೋರಿಸುತ್ತದೆ.